ಹದಿನಾರನೆಯ ನಂಬರಿನ ತಲೆ

ನನ್ನ ತಲೆಯ ಮೇಲೆ ಬಿಸಿ ಟೊಪ್ಪಿಗೆಯೊಂದನ್ನು ಇಟ್ಟದ್ದು ಯಾವ ವರ್ಷವೆಂದು ನನಗೆ ಗೊತ್ತಿಲ್ಲ. ಇಟ್ಟದ್ದು ನಿಜವೇ ಎಂಬುದೂ ಈಚೆಗೆ ಗೊತ್ತಿಲ್ಲದಂತಾಗಿದೆ. ಹೀಗೆ ಶುರು ಮಾಡಿದರೆ ಓದುವವರು ಪುಟ ತಿರುವುತ್ತಾರೆಂದು ಬಲ್ಲೆ. ಆದರೂ ಮೊದಲೇ ಹೇಳಿಬಿಡುವುದು ಲೇಸು. ಇತಿಹಾಸದಲ್ಲಿ ಎಂ.ಎ. ಮಾಡಿ, ಪಿಎಚ್.ಡಿ.ಯನ್ನು ಮೂರನೆಯ ಅಧ್ಯಾಯದಲ್ಲಿ ಕೈಬಿಟ್ಟು, ಆರು ಕಡೆ ಕೆಲಸ ಬದಲಿಸಿದವನು ನಾನು. ವಿಶ್ವವಿದ್ಯಾಲಯ ನನಗೆ ಗಟ್ಟಿಯಾಗಿ ಕಲಿಸಿದ್ದು ಒಂದೇ: ಯಾರು ಏನು ಹೇಳಿದರೂ 'ಇದಕ್ಕೆ ಆಧಾರವೇನು?' ಎಂದು ಕೇಳುವುದು. ಹೆಂಡತಿಯನ್ನು ಕೇಳಿದ್ದೇನೆ, ಮಠದ ಅಯ್ಯನವರನ್ನು ಕೇಳಿದ್ದೇನೆ, ಹಾಲಿನವನನ್ನೂ ಬಿಟ್ಟಿಲ್ಲ. ನನ್ನನ್ನೇ ಕೇಳಿಕೊಳ್ಳುವುದಕ್ಕೆ ಮಾತ್ರ ನಲವತ್ತೊಂದು ವರ್ಷ ಹಿಡಿಯಿತು.

ನೆನಪೇನೋ ಕನ್ನಡಿಯ ಹಾಗೆ ಸ್ಪಷ್ಟವಾಗಿದೆ. ಅದೊಂದು ಶುಕ್ರವಾರ. ನನಗೆ ಆರು ವರ್ಷ. ಅಜ್ಜನ ಬೆರಳು ಹಿಡಿದುಕೊಂಡು ಚಾರ್‌ಮಿನಾರಿನ ಹತ್ತಿರದ ಒಂದು ಟೊಪ್ಪಿಗೆ ಅಂಗಡಿಗೆ ಹೋಗಿದ್ದೇನೆ. ಅಜ್ಜನ ಕೆಂಪು ರೂಮಿ ಟೊಪ್ಪಿಗೆ ಮಳೆಗೆ ಸಿಕ್ಕು ಸೊರಗಿದೆ. ರೂಮಿ ಟೊಪ್ಪಿಗೆ ಎಂದರೆ ಬೋರಲು ಹಾಕಿದ ಹೂಕುಂಡದ ಹಾಗಿರುವ, ನೆತ್ತಿಯಿಂದ ಕರಿ ಗೊಂಡೆ ಇಳಿಬಿಟ್ಟ ಉಣ್ಣೆಯ ಟೊಪ್ಪಿಗೆ. ಅಂಗಡಿಯವನು ಅದಕ್ಕೆ ನೀರು ಚಿಮುಕಿಸಿ ಹಿತ್ತಾಳೆಯ ಅಚ್ಚೊಂದಕ್ಕೆ ತೊಡಿಸುತ್ತಾನೆ. ಒಲೆಯ ಮೇಲೆ ಕಾದಿದ್ದ ಇನ್ನೊಂದು ಅಚ್ಚನ್ನು ಬಟ್ಟೆ ಹಿಡಿದು ಎತ್ತಿ, ಮೇಲಿಂದ ಕವುಚಿ, ಎರಡೂ ಕೈಯಿಂದ ಒತ್ತುತ್ತಾನೆ. ಚೊಂಯ್ ಎಂದು ಹಬೆ ಏಳುತ್ತದೆ. ಒದ್ದೆ ಕುರಿಯ ವಾಸನೆ. ಅಚ್ಚು ತೆಗೆದರೆ ಟೊಪ್ಪಿಗೆ ಹೊಸದಾಗಿ ನಿಂತಿದೆ.

ಹಾಗೆ ನಿಂತ ಟೊಪ್ಪಿಗೆಯನ್ನು ಚೀಲಕ್ಕೆ ಹಾಕುವಂತಿಲ್ಲ. ಆರುವುದರೊಳಗೆ ಒತ್ತಿದರೆ ಸೊಟ್ಟಗಾಗುತ್ತದೆ. ಅಜ್ಜ ಹಾಕಿಕೊಳ್ಳುವಂತೆಯೂ ಇಲ್ಲ. ಬಿಸಿಯಲ್ಲಿ ಹಾಕಿದರೆ ದೊಡ್ಡ ತಲೆಗೆ ಹಿಗ್ಗಿಬಿಡುತ್ತದೆ. ಅದಕ್ಕೇ ಅಂಗಡಿಯವನು ನಗುತ್ತ ಅದನ್ನು ನನ್ನ ತಲೆಯ ಮೇಲೆ ಇಡುತ್ತಾನೆ. ಸಣ್ಣ ತಲೆಯಾದರೆ ಟೊಪ್ಪಿಗೆಯ ಗೋಡೆಗೆ ತಾಗದೆ ಒಳಗೇ ಇರುತ್ತದೆ, ಆಕಾರ ಕೆಡುವುದಿಲ್ಲ. ಗೊಂಡೆ ನನ್ನ ಜಡೆಗೆ ಸಿಕ್ಕಿಕೊಳ್ಳುತ್ತದೆ. ಅವನೇ ಬಿಡಿಸುತ್ತಾನೆ. ಆಮೇಲೆ ಟಾಂಗಾದಲ್ಲಿ ಅಜ್ಜನ ಪಕ್ಕ ಕೂತು, ಕತ್ತು ಅಲ್ಲಾಡಿಸದೆ, ಮೂಗಿನವರೆಗೆ ಇಳಿದ ಟೊಪ್ಪಿಗೆಯ ಅಂಚಿನ ಕೆಳಗಿಂದ ಊರು ನೋಡುತ್ತ ಕಾಚಿಗೂಡದ ಮನೆಗೆ ಬರುತ್ತೇನೆ.

ಗಂಡುಹುಡುಗನಿಗೆ ಜಡೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಹಿಂದೆಯೂ ಕೆಲವರು ಕೇಳಿದ್ದಾರೆ. ಮನೆದೇವರಿಗೆ ಹರಕೆ ಇತ್ತು, ಜಾವಳ ತೆಗೆಸಿರಲಿಲ್ಲ ಎಂದು ಹೇಳುತ್ತ ಬಂದಿದ್ದೇನೆ. ಈ ಉತ್ತರ ನನಗೆ ಯಾರಾದರೂ ಹೇಳಿಕೊಟ್ಟದ್ದೋ, ಕೇಳಿದವರ ಬಾಯಿ ಮುಚ್ಚಿಸಲು ನಾನೇ ಮಾಡಿಕೊಂಡದ್ದೋ, ಈಗ ಹೇಳಲಾರೆ.

ನಮ್ಮ ಮನೆತನ ರಾಯಚೂರು ಕಡೆಯದು. ಅಜ್ಜ ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಬಂದು ಮಾಲ್ ಕಚೇರಿಯಲ್ಲಿ, ಅಂದರೆ ಕಂದಾಯದ ಕಚೇರಿಯಲ್ಲಿ, ಗುಮಾಸ್ತನಾದ. ಮನೆಯ ಪಡಸಾಲೆಯ ಗೋಡೆಗೆ ಮೂರು ಗೂಟಗಳಿದ್ದವು. ಮೊದಲನೆಯದರಲ್ಲಿ ಕಚೇರಿಯ ಕೆಂಪು ಟೊಪ್ಪಿಗೆ. ಎರಡನೆಯದರಲ್ಲಿ ಬೀಗರ ಮನೆಗೆ, ಮದುವೆ ಮುಂಜಿಗೆ ಕರಿ ಟೊಪ್ಪಿಗೆ. ಮೂರನೆಯದರಲ್ಲಿ ಊರಿಗೆ ಹೋದಾಗ ಹೊಲಕ್ಕೆ ಸುತ್ತಿಕೊಳ್ಳುವ ರುಮಾಲು. ಯಾವ ಗೂಟ ಖಾಲಿ ಎಂದು ನೋಡಿದರೆ ಸಾಕು, ಅಜ್ಜ ಎಲ್ಲಿ ಹೋಗಿದ್ದಾನೆಂದು ತಿಳಿಯುತ್ತಿತ್ತಂತೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ರೂಮಿ ಟೊಪ್ಪಿಗೆ, ಕೊರಳಲ್ಲಿ ಲಿಂಗ, ಅದರ ಮೇಲೆ ಗುಂಡಿ ಹಾಕಿದ ಶೇರವಾನಿ. ಈಗ ಯಾರಾದರೂ ಹಾಗೆ ಹೊರಟರೆ ಎರಡು ಕಡೆಯವರೂ ನಿಲ್ಲಿಸಿ ಕೇಳುತ್ತಾರೆ. ಆಗ ಯಾರೂ ಕೇಳಲಿಲ್ಲ. ಕಚೇರಿ ಎಂದರೆ ಕೆಂಪು ಟೊಪ್ಪಿಗೆ. ಮೊಹಮ್ಮದನೋ ಮಲ್ಲಪ್ಪನೋ ಎಂಬುದು ಅದರ ಕೆಳಗಿನ ವಿಚಾರ. ದರಬಾರಿಗೆ ಹೋಗುವಂಥ ದೊಡ್ಡವರಿಗೆ ದಸ್ತಾರ್ ಎಂಬ ಹೊಲಿದ ಪೇಟ ಬೇರೆ ಇತ್ತು. ಅಜ್ಜ ಅಷ್ಟು ಮೇಲೇರಲಿಲ್ಲ. ಅದೇ ದಸ್ತಾರಿನಂಥ ಪೇಟವನ್ನು ಈಗ ಪಂಚತಾರಾ ಹೋಟೆಲಿನ ಬಾಗಿಲಲ್ಲಿ ಕಾರಿನ ಕದ ತೆಗೆಯುವ ಹುಡುಗರಿಗೆ ತೊಡಿಸಿದ್ದಾರೆ. ಅಜ್ಜ ಬದುಕಿದ್ದರೆ ಯಾರಿಗೆ ಸಲಾಮು ಮಾಡುತ್ತಿದ್ದನೋ, ಕಾರಿನಿಂದ ಇಳಿದವರಿಗೋ, ಕದ ತೆಗೆದವರಿಗೋ.

ಬರಿದಲೆಯಲ್ಲಿ ಹೊಸ್ತಿಲು ದಾಟಿದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆಂದು ಅರ್ಥ. ಒಮ್ಮೆ ಅಜ್ಜ ಮರೆತು ಹಾಗೇ ಹೊರಟಾಗ ಅಜ್ಜಿ ಟೊಪ್ಪಿಗೆ ಹಿಡಿದು ಬೀದಿಯ ಕೊನೆಯವರೆಗೆ ಓಡಿದ್ದಳಂತೆ. ಅಷ್ಟರಲ್ಲಿ ಎದುರುಮನೆಯವರು ಸಾಂತ್ವನ ಹೇಳಲು ಬಾಗಿಲಿಗೆ ಬಂದಾಗಿತ್ತು.

ಒಂದು ಮಾತು ಇಲ್ಲೇ ಹೇಳಬೇಕು. ನನಗೆ ತಿಳಿವಳಿಕೆ ಬಂದಾಗಿನಿಂದ ಆ ಮೊದಲನೆಯ ಗೂಟದಲ್ಲಿ ನಾನು ಕಂಡದ್ದು ಒಂದು ಕೊಡೆಯನ್ನು. ಇದು ಗೊತ್ತಿದ್ದೂ ಕೆಂಪು ಟೊಪ್ಪಿಗೆಯ ಕಥೆಯನ್ನು ಯಾವ ಅಳುಕೂ ಇಲ್ಲದೆ ಹೇಳಿಕೊಂಡು ಬಂದೆ. ನೆನಪಿಗೂ ಕಣ್ಣಿಗೂ ಮಾತು ಬಿಟ್ಟುಹೋಗಿ ಬಹಳ ದಿನವಾಗಿತ್ತು ಎಂದು ಕಾಣುತ್ತದೆ.

ಈಗ ಹೈದರಾಬಾದಿನ ಇನ್ನೊಂದು ತುದಿಯ ಮಾದಾಪುರಕ್ಕೆ ಬರೋಣ. ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಊರಿಗೊಂದು ಹೊಸ ಹೆಸರನ್ನೂ ಕೊಟ್ಟಿದ್ದರು. ಆಟೋದವರು ಮಾತ್ರ ಇನ್ನೂ ಹಳೆಯದನ್ನೇ ಬಳಸುತ್ತಿದ್ದರು. ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ 'ತಲೆಗವಸು ಇಲ್ಲದೆ ಒಳಗೆ ಬರಬಾರದು' ಎಂಬಂಥ ಫಲಕಗಳನ್ನು ಮೂರು ಭಾಷೆಯಲ್ಲಿ ಬರೆಯುತ್ತಿದ್ದ ನಾನು, ಆ ಕೆಲಸ ಬಿಟ್ಟು ಒಂದು ಸಾಫ್ಟ್‌ವೇರ್ ಕಂಪನಿ ಸೇರಿದ್ದೆ. ನನಗೆ ತಿಳಿಯದ ಯಂತ್ರವನ್ನು ನನಗಿಂತ ತಿಳಿಯದವರು ಹೇಗೆ ಬಳಸಬೇಕೆಂದು ಬರೆದುಕೊಡುವುದು ನನ್ನ ಕೆಲಸ. ಕುತ್ತಿಗೆಗೆ ಒಂದು ಪಟ್ಟಿ, ಪಟ್ಟಿಗೆ ನನ್ನ ಫೋಟೋ ಇರುವ ಗುರುತಿನ ಚೀಟಿ. ಅದಿಲ್ಲದಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ. ಅಜ್ಜನ ಕಾಲಕ್ಕೆ ತಲೆಯ ಮೇಲಿದ್ದದ್ದು ನನ್ನ ಕಾಲಕ್ಕೆ ಕುತ್ತಿಗೆಗೆ ಇಳಿದಿತ್ತು, ಅಷ್ಟೇ.

ಎದುರಿಗೇ ಇನ್ನೊಂದು ಕಟ್ಟಡ ಏಳುತ್ತಿತ್ತು. ಅಲ್ಲಿ ದುಡಿಯುವವರಲ್ಲಿ ಬಹಳ ಮಂದಿ ಯಾದಗಿರಿ, ಸುರಪುರ ಕಡೆಯವರು. ಚಹಾದಂಗಡಿಯಲ್ಲಿ ಕನ್ನಡ ಕೇಳಿಸಿತೆಂದು ಒಮ್ಮೆ ಒಬ್ಬನನ್ನು ಮಾತಾಡಿಸಿದೆ. ಹೆಸರು ಮಲ್ಲಪ್ಪ. ಅವನ ಹಳದಿ ಹೆಲ್ಮೆಟ್ಟನ್ನು ಪಕ್ಕದಲ್ಲಿ ಬೋರಲು ಇಟ್ಟಿದ್ದ. ಅದರೊಳಗೆ ಬೀಡಿ ಕಟ್ಟು, ಸುಣ್ಣದ ಡಬ್ಬಿ, ಒಂದು ಈರುಳ್ಳಿ.

"ಟೊಪಗಿ ಬಣ್ಣ ಬ್ಯಾರೆ ಬ್ಯಾರೆ ಯಾಕ ಅದಾವ ಮಲ್ಲಪ್ಪ?" ಎಂದು ಕೇಳಿದೆ.

"ಹಳದಿ ಟೊಪಗಿ ದುಡೀತೈತ್ರಿ. ಬಿಳಿ ಟೊಪಗಿ ಬೈತೈತ್ರಿ," ಅಂದ. "ನೀಲಿ ಟೊಪಗಿ ಒಂದ ಬರತೈತಿ ಸಂಜಿ ಮುಂದ. ಅದು ಏನ ಮಾಡತೈತಿ ಅಂತ ಇನ್ನಾ ತಿಳಿದಿಲ್ರಿ ನಮಗ."

ಅವನ ಹೆಂಡತಿ ತಲೆಗೆ ಸಿಂಬಿ ಇಟ್ಟು ಜಲ್ಲಿ ಹೊರುತ್ತಿದ್ದಳು. ಸಿಂಬಿಯ ಮೇಲೆ ಹೆಲ್ಮೆಟ್ಟು ಕೂರುವುದಿಲ್ಲ, ಹೆಲ್ಮೆಟ್ಟಿನ ಮೇಲೆ ಬುಟ್ಟಿ ನಿಲ್ಲುವುದಿಲ್ಲ. ಹಾಗಾಗಿ ಅವಳಿಗೆ ಬಣ್ಣವೇ ಇರಲಿಲ್ಲ. ಇದು ಆಗ ನನಗೆ ಹೊಳೆಯಲಿಲ್ಲ. ಗಂಡಸರ ತಲೆಗಳ ಮೇಲೆಯೇ ನನ್ನ ಇತಿಹಾಸವೆಲ್ಲ ನಡೆಯುತ್ತಿತ್ತು.

ಆ ವರ್ಷ ಕಂಪನಿಯಲ್ಲಿ ಸಾಂಪ್ರದಾಯಿಕ ಉಡುಗೆಯ ದಿನವೆಂದು ಮಾಡಿದರು. ಹುಡುಗಿಯರು ರೇಷ್ಮೆ ಸೀರೆ ಉಟ್ಟರು, ಹುಡುಗರು ಪಂಚೆ ಉಟ್ಟು ಅದರ ಮೇಲೆ ಬೆಲ್ಟು ಬಿಗಿದರು. ನಾನು ಬೇಗಂ ಬಜಾರದ ಗಲ್ಲಿಯೊಂದರಲ್ಲಿ ನಾಟಕದ ಸಾಮಾನು ಬಾಡಿಗೆಗೆ ಕೊಡುವವನಿಂದ ರೂಮಿ ಟೊಪ್ಪಿಗೆ ತಂದೆ. ರಟ್ಟಿನ ಮೇಲೆ ಕೆಂಪು ಮಖಮಲ್ಲು ಅಂಟಿಸಿದ್ದು. ಹಿಂದೆ ತೊಟ್ಟವನಾರೋ ಖಳನಾಯಕನಿರಬೇಕು, ಒಳಗೆ ಮೀಸೆಯ ಅಂಟಿನ ವಾಸನೆ ಇತ್ತು. ಅದನ್ನು ಹಾಕಿಕೊಂಡು ಊಟದ ಬಿಡುವಿನಲ್ಲಿ ನನ್ನ ಕಥೆ ಹೇಳಿದೆ. ಕೈಯಲ್ಲೇ ಅಚ್ಚು ಒತ್ತಿ ತೋರಿಸಿದೆ, ಬಾಯಲ್ಲೇ ಹಬೆ ಎಬ್ಬಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಬ್ಬಂದಿ ವಿಭಾಗದ ಹುಡುಗಿ ಬರೆದುಕೊಂಡು ಕಂಪನಿಯ ಮಾಸಪತ್ರಿಕೆಯಲ್ಲಿ ನನ್ನ ಫೋಟೋದೊಂದಿಗೆ ಹಾಕಿದಳು. ಅದರ ಐದು ಪ್ರತಿ ಮನೆಗೆ ತಂದೆ. ಒಂದು ಸಾಕಾಗುತ್ತಿತ್ತು.

ಆಗ ಮನೆಯಲ್ಲಿ ನೀಲಮ್ಮತ್ತಿ ಇದ್ದಳು. ನನ್ನ ತಂದೆಯ ತಂಗಿ, ಅರವತ್ತೈದರ ಹತ್ತಿರ ವಯಸ್ಸು, ರಾಯಚೂರಿನವಳು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು, ಒಂದು ಕಣ್ಣಿಗೆ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು, ಮಂಚದ ಮೇಲೆ ಠೀವಿಯಿಂದ ಕೂತಿರುತ್ತಿದ್ದಳು. ಪಟ್ಟಿ ಬಿಚ್ಚುವವರೆಗೆ ಓದುವಂತಿರಲಿಲ್ಲ. ಅದಕ್ಕೆ ನನ್ನ ಮಗಳು ಪಲ್ಲವಿ ಪತ್ರಿಕೆಯ ಇಂಗ್ಲಿಷನ್ನು ತನ್ನ ಕನ್ನಡಕ್ಕೆ ಮಾಡಿ ಓದಿ ಹೇಳತೊಡಗಿದಳು. ನಾನು ಪೇಪರು ಓದುವವನ ಹಾಗೆ ಕೂತು, ಕಿವಿಯನ್ನು ಅಲ್ಲಿಟ್ಟಿದ್ದೆ.

"ಟೊಪಗಿದು ಗೊಂಡೆ ಅಪ್ಪನ ಜಡಿಗೆ ಸಿಕ್ಕೊಂಡಬಿಟ್ಟಿತಂತ," ಎಂದಳು ಪಲ್ಲವಿ.

"ಆ ಜಡಿ ನಂದು," ಅಂದಳು ಅತ್ತಿ.

ಮೆಲ್ಲಗೆ ಅಂದಳು; ಚಹಾಕ್ಕೆ ಸಕ್ಕರೆ ಸಾಲದು ಅನ್ನುವ ಹಾಗೆ. ನಾನು ನಕ್ಕೆ. "ಏನತ್ತಿ, ಯಾವ ಜಡಿ?"

"ಗೊಂಡೆ ಸಿಕ್ಕೊಂಡಿದ್ದು. ನಿನಗ ಯಾವಾಗ ಜಡಿ ಇತ್ತೋ ಯಪ್ಪಾ? ಮೂರಕ್ಕ ಜಾವಳ ತಗಿಸಿದ್ರು. ಮುಂದ ಹದಿನೈದ ದಿವಸಕ್ಕೊಮ್ಮೆ ಕೂತು ಬೋಳಿಸ್ಕೊಂತಿದ್ದಿ. ಹೇನ ಭಾಳ ಇದ್ವು ನಿನಗ."

ಪಲ್ಲವಿಗೆ ಇದು ಪತ್ರಿಕೆಯ ಕಥೆಗಿಂತ ರುಚಿಸಿತು. ಅವಳೇ ಎದ್ದುಹೋಗಿ ಹಳೆಯ ಆಲ್ಬಂ ತಂದಳು. ಐದು ವರ್ಷದ ನಾನು ಸ್ಟುಡಿಯೋದ ಬಣ್ಣದ ಪರದೆಯ ಮುಂದೆ, ಮರದ ಕುದುರೆಯ ಪಕ್ಕ, ತೆಂಗಿನಕಾಯಿಯಂಥ ತಲೆ ಹೊತ್ತು ನಿಂತಿದ್ದೆ. ಕುದುರೆಗೆ ನನಗಿಂತ ಹೆಚ್ಚು ಕೂದಲಿತ್ತು.

ಆದರೆ ನಾನು ಒಪ್ಪುವ ಪೈಕಿಯೇ? ಒಂದು ವರ್ಷದಲ್ಲಿ ಕೂದಲು ಬೆಳೆದಿರಬಹುದು ಅಂದೆ. ಫೋಟೋ ಯಾವ ವರ್ಷದ್ದೆಂದು ಹಿಂದೆ ಬರೆದಿಲ್ಲ ಅಂದೆ. ಅತ್ತಿ ಎಲ್ಲ ಕೇಳಿಸಿಕೊಂಡು, "ಅವತ್ತ ಯಾವ ವಾರ ಅಂತ ಛಾಪಾ ಆಗೈತಿ?" ಎಂದು ಕೇಳಿದಳು.

"ಶುಕ್ರವಾರ."

"ನಿನಗ ಆರು ವರ್ಷ ಇದ್ದಾಗ ಕಚೇರಿಗೆ ಸೂಟಿ ಯಾವಾಗ?"

ಭಾನುವಾರ ಎನ್ನಬೇಕಾಯಿತು. ನಿಜಾಮರ ಕಚೇರಿಗಳಿಗೆ ವಾರದ ರಜೆ ಶುಕ್ರವಾರ. ಅದು ಹೋಗಿ ಭಾನುವಾರವಾದದ್ದು ನಾನು ಹುಟ್ಟುವ ಎಷ್ಟೋ ಮುಂಚೆ. ಇದು ಯಾವ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ನಾನೇ ಬರೆದದ್ದು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಅಜ್ಜ ಕೆಂಪು ಟೊಪ್ಪಿಗೆಯನ್ನು ಗೂಟದಿಂದ ತೆಗೆದುಬಿಟ್ಟಿದ್ದ. ಮರುವಾರದಿಂದ ಅವನೂ ಕರಿ ಟೊಪ್ಪಿಗೆಯಲ್ಲೇ ಕಚೇರಿಗೆ ಹೋದ. ಅಂದರೆ ನಾನು ಹುಟ್ಟುವ ಮೊದಲೇ ತೀರಿಹೋದ ಒಂದು ಶುಕ್ರವಾರದಲ್ಲಿ, ಇಲ್ಲದ ಟೊಪ್ಪಿಗೆಯನ್ನು, ಇಲ್ಲದ ಜಡೆಯ ಮೇಲೆ ನಾನು ಹಾಕಿಕೊಂಡಿದ್ದೆ.

"ಮತ್ತ ನನಗ ಹೆಂಗ ಇಷ್ಟ ಖರೆ ನೆಪ್ಪೈತಿ?" ಎಂದು ಕೇಳಿದೆ. ಪ್ರಶ್ನೆ ಸ್ವಲ್ಪ ಅಳುಬುರುಕ ದನಿಯಲ್ಲೇ ಬಂತು.

"ನಾನ ಕೊಟ್ಟೀನಲ್ಲೋ ಅದನ್ನ," ಅಂದಳು ಅತ್ತಿ.

ಬೇಸಿಗೆ ರಜೆಗೆ ನಾವು ರಾಯಚೂರಿಗೆ ಹೋಗುತ್ತಿದ್ದೆವು. ಸಂಜೆ ಮಾಳಿಗೆಯ ಮೇಲೆ ಮೊಸರನ್ನ ಕಲಸಿಕೊಂಡು ಅತ್ತಿ ನನಗೆ ಉಣಿಸುತ್ತಿದ್ದಳು. ನನಗದು ನೆನಪಿದೆ, ಅಥವಾ ಇದೆ ಎಂದುಕೊಂಡಿದ್ದೇನೆ. ನಾನು ಬಾಯಿ ತೆಗೆಯುತ್ತಿರಲಿಲ್ಲವಂತೆ. ಟೊಪ್ಪಿಗೆಯ ಕಥೆ ಹೇಳಿದರೆ ಮಾತ್ರ ತೆಗೆಯುತ್ತಿದ್ದೆನಂತೆ.

"'ಒಬ್ಬಾಕಿ ಹುಡುಗಿ ಇದ್ಲು, ಅವರಪ್ಪನ ಜೋಡಿ ಹೋದ್ಲು' ಅಂದ್ರ ಮಾರಿ ಆಕಡೆ ತಿರುವತಿದ್ದಿ. 'ಸಿದ್ದೂ ಇದ್ದ, ಅವರಜ್ಜನ ಜೋಡಿ ಹೋದ' ಅಂದ್ರ ಎರಡ ತುತ್ತು ಹೆಚ್ಚಿಗಿ ಹೋಗತಿತ್ತು. ಉಣ್ಣಲಿ ಕೂಸು ಅಂತ ಹಂಗ ಹೇಳಿದೆ. ಜಡಿ ತಗಿಯೂದು ಮರತೆ."

"ಇಷ್ಟ ವರ್ಷ ಮದುವಿ, ಕುಬಸ, ಎಲ್ಲಾದ್ರಾಗೂ ನಿನ್ನ ಮುಂದ ಕೂತ ಹೇಳೀನಲ್ಲತ್ತಿ. ಒಂದ ಸಲನಾದ್ರೂ ಅನ್ನಬಾರದಾ?"

"ಏನನ್ಲಿ? ನೀ ಹೇಳಿದ್ರ ಎಲ್ಲಾರೂ ನಗತಿದ್ರು. ಭಾಳ ಚಂದ ಹೇಳತಿದ್ದಿ, ನನಗಿಂತ. ನಾನೂ ನಕ್ಕೆ." ಕನ್ನಡಕ ಸರಿ ಮಾಡಿಕೊಂಡಳು. "ಬಾಯಿ ಮಾತು ಗಾಳಿಗೆ ಹೋಗತೈತಿ ಬಿಡು ಅಂತಿದ್ದೆ. ಈಗ ಛಾಪಾ ಆತಲ್ಲೋ. ಫೋಟೋ ಬ್ಯಾರೆ ಐತಿ ಅಂತಾಳ ಇಕಿ. ಇನ್ನ ನಾ ಹೋಗೇ ಇಲ್ಲ ಅಂದಂಗಾತು."

ಆಮೇಲೆ ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಮೊದಲ ಸಲ ಅವಳ ಹೆಸರಿನಲ್ಲಿ. ಶುಕ್ರವಾರ ಅಜ್ಜ ಪೇಟೆಗೆ ಹೋಗುವಾಗ ಗಂಡುಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದ. ಹೆಣ್ಣುಮಕ್ಕಳು ಪೇಟೆಗೆ ಹೋಗುವ ವಾಡಿಕೆ ಇರಲಿಲ್ಲ. ಆ ವಾರ ಅಣ್ಣಂದಿರಿಬ್ಬರಿಗೂ ಮೈಮೇಲೆ ಅಮ್ಮ ಎದ್ದು ಮಲಗಿದ್ದರು. ಅಚ್ಚಿಗೆ ಕೊಟ್ಟ ಟೊಪ್ಪಿಗೆಯನ್ನು ತಲೆಯ ಮೇಲೆ ಹೊತ್ತು ತರಲು ಸಣ್ಣ ತಲೆಯೊಂದು ಬೇಕಿತ್ತು. ಉಳಿದಿದ್ದದ್ದು ಎಂಟು ವರ್ಷದ ನೀಲವ್ವನ ತಲೆ. ಅಜ್ಜಿ ಗೊಣಗಿದಳು; ಅಜ್ಜ "ಟಾಂಗಾದ ಪರದೆ ಬಿಡ್ತೀನಿ" ಎಂದು ಹೇಳಿ ಕರೆದೊಯ್ದ. ಬರುವಾಗ ಪರದೆ ಬಿಡಲಿಲ್ಲ. ನಯಾಪುಲ್ ಸೇತುವೆಯ ಮೇಲೆ ಟಾಂಗಾ ನಿಲ್ಲಿಸಿ, "ನೋಡವ್ವಾ, ಮೂಸಿ ನದಿ," ಎಂದು ಟೊಪ್ಪಿಗೆಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದ, ಅವಳಿಗೆ ಕಾಣಲೆಂದು. ಅಷ್ಟೇ. ಅಣ್ಣಂದಿರಿಗೆ ವಾಸಿಯಾಯಿತು. ಮುಂದೆ ಹದಿನಾಲ್ಕಕ್ಕೆ ಮದುವೆ. ಅಪ್ಪನ ಜೊತೆ ಅವಳು ಹೊರಗೆ ಹೋದದ್ದು ಅದೊಂದೇ ದಿನ.

ಆ ಒಂದು ದಿನವನ್ನು ನಾನು ಮೊಸರನ್ನದ ಜೊತೆ ತಿಂದುಬಿಟ್ಟಿದ್ದೆ.

ಸೇತುವೆಯ ಮಾತು ನನ್ನ ಕಥೆಯಲ್ಲಿರಲಿಲ್ಲ. ಇನ್ನೊಂದು ಮಾತೂ ಇರಲಿಲ್ಲ. "ಅಂಗಡ್ಯಾವ ಒಳಗ ಕೂಗಿ ಹೇಳಿದ್ದ, 'ಸೋಲಾ ನಂಬರ್ ಲಾ ರೇ' ಅಂತ," ಅಂದಳು. "ಅಪ್ಪನ ತಲಿ ಹದಿನಾರನೇ ನಂಬರು. ಅಚ್ಚಿಗೆಲ್ಲಾ ನಂಬರ್ ಇರತಿದ್ವು."

"ಇದನ್ನ ಯಾಕ ನನಗ ಹೇಳಲಿಲ್ಲ?"

"ನಂಬರ್ ತಗೊಂಡು ಕೂಸು ಏನ್ಮಾಡತೈತಿ? ಅದೊಂದ ನಾ ಇಟ್ಕೊಂಡೆ."

ಕಣ್ಣಿನ ಪಟ್ಟಿ ಬಿಚ್ಚಿದ ಮೂರನೆಯ ದಿನ ಅವಳನ್ನು ಆಟೋದಲ್ಲಿ ಚಾರ್‌ಮಿನಾರಿಗೆ ಕರೆದೊಯ್ದೆ. ಅಂಗಡಿ ಸಿಗುತ್ತದೆಂದು ನನಗೆ ನಂಬಿಕೆ ಇರಲಿಲ್ಲ. ಮೂರು ಕಡೆ ವಿಚಾರಿಸಿದ ಮೇಲೆ ಗಲ್ಲಿಯೊಳಗೆ ಒಂದು ಸಿಕ್ಕಿತು. ಅದೇ ಅಂಗಡಿಯೋ ಬೇರೆಯದೋ ಹೇಳುವವರಿಲ್ಲ. ಅತ್ತಿಗೆ ನೆನಪಿದ್ದ ಕಲ್ಲಿನ ಮೆಟ್ಟಿಲು ಇರಲಿಲ್ಲ. ರಸ್ತೆ ಅಗಲವಾದಾಗ ಹೋಗಿರಬಹುದು, ಮೊದಲೇ ಇರದೆಯೂ ಇದ್ದಿರಬಹುದು. ಮುಂದುಗಡೆ ಮದುಮಕ್ಕಳ ಜರಿ ಪೇಟಗಳು, ಕಟ್ಟಿದ್ದನ್ನೇ ಟೊಪ್ಪಿಗೆಯಂತೆ ತಲೆಗಿಟ್ಟುಕೊಳ್ಳುವಂಥವು, ಸಾಲಾಗಿ ಕೂತಿದ್ದವು. ಒಳಗೆ ಬಿಳಿಗಡ್ಡದ ಮುದುಕನೊಬ್ಬ ಹೋಟೆಲಿನವರ ದಸ್ತಾರಿಗೆ ಅಂಚು ಹೊಲಿಯುತ್ತಿದ್ದ.

ನನ್ನ ಹಿಂದಿ ಪುಸ್ತಕದ್ದು. ಅತ್ತಿಯ ದಖನಿ ಅಂಗಳದ್ದು. ನಾನು ಪೀಠಿಕೆ ಹಾಕುತ್ತಿದ್ದ ಹಾಗೇ ಅವಳು ಕಟ್ಟೆಯ ಮೇಲೆ ಕೂತು ಕೇಳಿಬಿಟ್ಟಳು: "ಚಾಚಾ, ರೂಮಿ ಟೋಪಿ ಕೇ ಖಾಲಿಬ್ ಹೈಂ ಕ್ಯಾ? ಸೋಲಾ ನಂಬರ್ ಹೋನಾ." ಖಾಲಿಬ್ ಎಂದರೆ ಆ ಹಿತ್ತಾಳೆಯ ಅಚ್ಚು; ಹದಿನಾರನೆಯದು ಬೇಕು ಎಂದು ಅವಳು ಕೇಳಿದ್ದು. ಆ ಪದವೂ ಅವಳ ಹತ್ತಿರವೇ ಉಳಿದಿತ್ತು.

ಮುದುಕ ಸೂಜಿ ನಿಲ್ಲಿಸಿ ಅವಳನ್ನು ನೋಡಿದ. "ಹೌ ಅ‍ಮ್ಮಾ, ಹೈ. ಮಗರ್ ಸೋಲಾ? ಇತ್ತಾ ಬಡಾ ಸರ್ ಕಿಸಕಾ?" ಇಷ್ಟು ದೊಡ್ಡ ತಲೆ ಯಾರದು ಎಂದು ಕೇಳಿದ್ದು ಅವನು.

"ಮೇರೇ ಬಾವಾ ಕಾ," ಅಂದಳು ಅತ್ತಿ. ನಮ್ಮಪ್ಪನದು.

ಮುದುಕ ಎದ್ದ. ಏಣಿ ಹತ್ತಿ, ಮೇಲಿನ ಹಲಗೆಯ ಮೇಲೆ ಸಾಲಾಗಿದ್ದ ಅಚ್ಚುಗಳಲ್ಲಿ ಒಂದನ್ನು ಇಳಿಸಿ, ತೋಳಿನಿಂದ ಧೂಳು ಒರೆಸಿ, ಅವಳ ಮುಂದೆ ಇಟ್ಟ. ಕಪ್ಪಾಗಿತ್ತು, ಒಂದು ಬದಿಯಲ್ಲಿ ತಗ್ಗು ಬಿದ್ದಿತ್ತು. ಅತ್ತಿ ಎರಡೂ ಅಂಗೈಯಿಂದ ಅದನ್ನು ಮುಟ್ಟಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ತಣ್ಣಗೈತಿ," ಅಂದಳು.

ಈ ಜಾಗದಲ್ಲಿ ನಾನು ಸುಮ್ಮನಿರಬೇಕಿತ್ತು. ಮನೆಗೆ ಬರುವಾಗ ಆಟೋದಲ್ಲಿ, ಹದಿನೈದು ಹದಿನೇಳು ಇರುವ ಅಂಗಡಿಯಲ್ಲಿ ಹದಿನಾರು ಇದ್ದೇ ಇರುತ್ತದೆ, ಅದರಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಹೇಳಿದೆ. ಚಟ.

"ನಿನಗ ಓದಿಸಿದ್ದು ಒಂದ ಸ್ವಲ್ಪ ಹೆಚ್ಚಾತು," ಅಂದಳು ಅತ್ತಿ. ಸಿಟ್ಟಿರಲಿಲ್ಲ. ಆಟೋ ನಯಾಪುಲ್ ದಾಟುವಾಗ ಹೊಸ ಕಣ್ಣಿನಿಂದ ನದಿ ನೋಡಿದಳು. "ನೀರಿಲ್ಲಲ್ಲೋ," ಅಂದಳು. ಆಮೇಲೆ, ನನ್ನ ಮುಖ ಕಂಡು ಪಾಪ ಅನ್ನಿಸಿತೋ ಏನೋ, ನನಗೊಂದು ಸಮಾಧಾನವನ್ನೂ ಕೊಟ್ಟಳು. ಕೆಂಪು ಟೊಪ್ಪಿಗೆಯನ್ನು ಅಜ್ಜ ಎಸೆದಿರಲಿಲ್ಲವಂತೆ, ಟ್ರಂಕಿನ ತಳದಲ್ಲಿ ಇಟ್ಟಿದ್ದನಂತೆ. ನಾನು ಹುಟ್ಟಿದ ಚಳಿಗಾಲದಲ್ಲಿ ಅತ್ತಿಯೇ ಅದನ್ನು ಬಿಚ್ಚಿ, ಅಂಚಿಗೆ ಹಸಿರು ಖಣ ಕೂಡಿಸಿ, ನನಗೊಂದು ಕುಲಾವಿ ಹೊಲಿದಳಂತೆ. "ನಿನ್ನ ತಲಿ ಮ್ಯಾಲೂ ಬಂದೈತಿ ಬಿಡೋ ಅದು. ಜಡಿ ಮಾತ್ರ ನಂದು."

ಈ ಕುಲಾವಿಯ ಮಾತಿಗೆ ಯಾವ ಆಧಾರವೂ ಇಲ್ಲ. ಹುಡುಕುವುದಕ್ಕೂ ಹೋಗಲಿಲ್ಲ. ಒಂದು ತುತ್ತು ಹೆಚ್ಚಿಗೆ ಉಣ್ಣಲಿ ಎಂದೇ ಹೇಳಿರಬಹುದು. ಉಂಡೆ.

ರಾಯಚೂರಿಗೆ ಹೊರಡುವ ದಿನ, ಸೆರಗಿಗೆ ಕಣ್ಣಿನ ಔಷಧಿಯ ಬಾಟಲಿ ಕಟ್ಟಿಕೊಳ್ಳುತ್ತ, "ಒಂದ ಸಲ ಛಾಪಾ ಮಾಡಿಸೋ ಸಿದ್ದೂ. ಹೋಗಿದ್ದು ನೀಲವ್ವ ಅಂತ. ನಾ ಸತ್ತ ಮ್ಯಾಲ ಬ್ಯಾಡ, ಕಣ್ಣ ಬಂದಾವ, ನಾನ ಓದತೀನಿ," ಅಂದಳು.

ಮಾಸಪತ್ರಿಕೆಯ ಹುಡುಗಿಯನ್ನು ಹೋಗಿ ಕೇಳಿದೆ. ಅವಳು ಕಣ್ಣರಳಿಸಿ, "ಸಾರ್, ನೀವು ಹಾಕಿಕೊಂಡಿದ್ದೇ ಕ್ಯೂಟ್ ಆಗಿತ್ತು. ತಿದ್ದುಪಡಿ ಹಾಕಿದರೆ ಕಥೆಯೇ ಸುಳ್ಳು ಅಂದುಕೊಳ್ಳುತ್ತಾರೆ," ಎಂದಳು. ಮುಂದಿನ ಸಂಚಿಕೆ ತುಂಬಿಹೋಗಿದೆ ಎಂದೂ ಹೇಳಿದಳು. ಆರು ತಿಂಗಳಲ್ಲಿ ನಾನು ಆ ಕಂಪನಿಯನ್ನು ಬಿಟ್ಟೆ. ಇದಕ್ಕಾಗಿ ಎಂದು ಹೇಳಿಕೊಳ್ಳಲು ಆಸೆಯಾಗುತ್ತದೆ, ಆದರೆ ಅಲ್ಲ. ಹಾಗಾಗಿ ಅಲ್ಲಿ ಆಗದ್ದನ್ನು ಇಲ್ಲಿ ಬರೆದು ಮುಗಿಸುತ್ತೇನೆ. ಆ ಶುಕ್ರವಾರ ಚಾರ್‌ಮಿನಾರಿಗೆ ಹೋದದ್ದು ನೀಲಮ್ಮ. ಬಿಸಿ ಟೊಪ್ಪಿಗೆ ಹೊತ್ತದ್ದು ನೀಲಮ್ಮ. ಸೇತುವೆಯ ಮೇಲೆ ನದಿಯನ್ನು ನೋಡಿದ್ದು ನೀಲಮ್ಮ. ನಾನು ಹುಟ್ಟಿರಲಿಲ್ಲ.

ಇಷ್ಟು ಅವಳು ಹೇಳಿದ್ದು. ಒಂದನ್ನು ಮಾತ್ರ ನಾನು ಪರೀಕ್ಷೆ ಮಾಡಿದೆ. ಅಜ್ಜನ ಟ್ರಂಕಿನಲ್ಲಿ ಡಾಂಬರು ಗುಳಿಗೆಗಳ ನಡುವೆ ಅವನ ಕರಿ ಟೊಪ್ಪಿಗೆ ಇನ್ನೂ ಇತ್ತು. ಅತ್ತಿ ರಾಯಚೂರಿಗೆ ಹೋದ ಮೇಲೆ ಒಂದು ದಿನ ಅದನ್ನು ತೆಗೆದುಕೊಂಡು ಒಬ್ಬನೇ ಆ ಅಂಗಡಿಗೆ ಹೋದೆ. ದೊಡ್ಡ ಅಳತೆಯ ಮೂರು ಅಚ್ಚುಗಳನ್ನು ಇಳಿಸಿ, ಯಾವುದು ಯಾವುದೆಂದು ನನಗೆ ತಿಳಿಯದ ಹಾಗೆ ಸ್ಥಳ ಬದಲಿಸಿ ಇಡಲು ಮುದುಕನನ್ನು ಕೇಳಿಕೊಂಡೆ. ಅವನು ನನ್ನನ್ನು ಒಂದು ಗಳಿಗೆ ನೋಡಿ, ಹುಚ್ಚರೂ ಗಿರಾಕಿಗಳೇ ಎಂಬಂತೆ ಇಟ್ಟುಕೊಟ್ಟ. ಒಂದರ ಮೇಲೆ ಟೊಪ್ಪಿಗೆ ಸಡಿಲವಾಗಿ ಗಿರಗಿರ ತಿರುಗಿತು. ಇನ್ನೊಂದರ ಬುಡದವರೆಗೆ ಇಳಿಯಲೇ ಇಲ್ಲ. ಮೂರನೆಯದರ ಮೇಲೆ, ಗೂಟ ಕಂಡ ಹಾಗೆ, ಹೋಗಿ ಕೂತಿತು. ಬೆರಳು ತೂರುವಷ್ಟೂ ಸಂದಿರಲಿಲ್ಲ. ಟೊಪ್ಪಿಗೆ ತೆಗೆದು, ಅಚ್ಚನ್ನು ಬೋರಲು ಮಾಡಿ, ಬುಡದ ಧೂಳನ್ನು ಹೆಬ್ಬೆರಳಿನಿಂದ ಉಜ್ಜಿದೆ. ಉರ್ದು ಅಂಕಿಯಲ್ಲಿ ಹದಿನಾರು ಎಂದು ಕೆತ್ತಿತ್ತು.